ಮಗ್ಗದ ಬದಿಯ ನಾಯಿ

ನಮ್ಮ ಮನೆಯ ನಾಯಿಗೆ ಹೆಸರಿರಲಿಲ್ಲ. ಅತ್ತೆ ಅದನ್ನು ಒಮ್ಮೆ "ಮಗಳ" ಎಂದು ಕರೆಯುತ್ತಿದ್ದರು, ಇನ್ನೊಮ್ಮೆ "ಏ ಮುದುಕಿ" ಎನ್ನುತ್ತಿದ್ದರು. ಎರಡಕ್ಕೂ ಅದು ಬಾಲ ಅಲ್ಲಾಡಿಸುತ್ತಿತ್ತು. ನಾನು ಮದುವೆಯಾಗಿ ಬೆಟಗೇರಿಯ ಈ ಮನೆಗೆ ಬರುವ ಹೊತ್ತಿಗೆ ಅದು ಇಲ್ಲಿಯದೇ ಆಗಿತ್ತು. ಹರ್ತಿಯಲ್ಲಿ ಯಾರದೋ ಹೊಲದ ಬದುವಿನ ಮೇಲೆ ತಾಯಿ ಇಲ್ಲದೆ ಕುಂಯ್‌ಗುಡುತ್ತಿದ್ದ ಮರಿಯನ್ನು ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದಿದ್ದರಂತೆ. ಸೆರಗಿನೊಳಗೆ ಏನು ಎಂದು ಕಂಡಕ್ಟರ್ ಕೇಳಿದ್ದಕ್ಕೆ "ರೊಟ್ಟಿ ಅದಾವೋ ಯಪ್ಪಾ, ಬಿಸಿ ಅದಾವು" ಎಂದಿದ್ದರಂತೆ. ಈ ಕತೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಕಂಡಕ್ಟರನ ಮಾತು ಬಂದಾಗ ನಗುತ್ತಿದ್ದರು.

ನಮ್ಮದು ನೇಕಾರರ ಮನೆ. ಈಗ ಮಗ್ಗದಲ್ಲಿ ಕೂರುವವರು ಅತ್ತೆ ಒಬ್ಬರೇ. ಮಾವ ತೀರಿಕೊಂಡ ಮೇಲೆ, ನನ್ನ ಗಂಡ ಶಿರಹಟ್ಟಿಯ ಒಂದು ಕಚೇರಿಯಲ್ಲಿ ಗುಮಾಸ್ತನಾದ ಮೇಲೆ, ಅವರೇ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕುಳಿತರು. ಪಡಸಾಲೆಯ ಅರ್ಧ ಭಾಗ ಆ ಮಗ್ಗವೇ. ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಗಾಜು ಮುಚ್ಚಿದ ಒಂದು ಬೆಳಕಿಂಡಿ. ಅತ್ತೆ ಲಾಳಿ ಓಡಿಸುತ್ತಿದ್ದರೆ ನಾಯಿ ಕುಣಿಯ ಅಂಚಿಗೆ ಗದ್ದ ಇಟ್ಟುಕೊಂಡು ಬಿದ್ದಿರುತ್ತಿತ್ತು. ಅದರ ಪಕ್ಕದಲ್ಲಿ, ಮೂತಿಗೆ ತಾಗುವಷ್ಟು ಹತ್ತಿರ, ನೀರಿನ ಬೋಗುಣಿ. ಅಂಚು ನಗ್ಗಿದ ಅಲ್ಯುಮಿನಿಯಂ ಬೋಗುಣಿ ಅದು. ಅತ್ತೆ ಕೆಲಸದ ನಡುವೆಯೇ ಬಗ್ಗಿ ಚೊಂಬಿನಿಂದ ಅದಕ್ಕೆ ನೀರು ಸುರಿಯುತ್ತಿದ್ದರು.

ನಾನು ಮುಂಡರಗಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ದೊಡ್ಡ ಮಾತು. ಮಕ್ಕಳ ಕೈಯಿಂದ ಮಾವಿನಹಣ್ಣು, ಮಡಕೆ, ಧ್ವಜ ಬರೆಸುತ್ತೇನೆ. ಶಾಲೆಯ ವಾರ್ಷಿಕ ಗ್ಯಾದರಿಂಗ್ ಬಂದರೆ ವೇದಿಕೆಯ ಪರದೆ ನನ್ನ ಪಾಲಿಗೆ, ಅಧಿಕಾರಿಗಳು ಬಂದರೆ ಬಾಗಿಲಿನ ರಂಗೋಲಿ ನನ್ನ ಪಾಲಿಗೆ. ಗದಗದಲ್ಲಿ ಚಿತ್ರಕಲೆ ಓದುವಾಗ ನಾನು ಇದಕ್ಕಿಂತ ದೊಡ್ಡದೇನೋ ಆಗುತ್ತೇನೆ ಎಂದುಕೊಂಡಿದ್ದೆ. ನಮ್ಮ ಗುರುಗಳೊಬ್ಬರು ನನ್ನ ಕೆಲಸ ನೋಡಿ, "ಕೈ ಸಾಫ್ ಐತಿ ತಂಗಿ, ಕಣ್ಣು ಇನ್ನ ತೆರೀಬೇಕು" ಎಂದಿದ್ದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅವರೇ ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಜೀವ ಇರುವುದನ್ನು ಫೋಟೋ ನೋಡಿ ಬರೆಯಬೇಡಿ, ಎದುರಿಗೆ ಕೂರಿಸಿಕೊಂಡು ಬರೆಯಿರಿ. ಮೊದಲನೆಯ ಮಾತಿನ ಸಿಟ್ಟಿಗೋ ಏನೋ, ಎರಡನೆಯದನ್ನು ನಾನು ವ್ರತದಂತೆ ಹಿಡಿದಿದ್ದೆ.

ಆ ವರ್ಷ ಜೂನ್ ತಿಂಗಳಲ್ಲಿ ಗದಗದಲ್ಲಿ ಚಿತ್ರಕಲಾ ಶಿಕ್ಷಕರ ಚಿತ್ರಗಳ ಪ್ರದರ್ಶನ ಇರುವುದೆಂದು ಗೊತ್ತಾಯಿತು. ನನಗೆ ನಾಯಿಯನ್ನು ಬರೆಯಬೇಕು ಅನಿಸಿತು. ಮಗ್ಗ, ಬೆಳಕಿಂಡಿಯಿಂದ ಬೀಳುವ ಬಿಸಿಲು, ಆ ಕಂದು ಮೈ. ಎಣ್ಣೆಬಣ್ಣದಲ್ಲಿ ಒಂದೇ ಪಟ್ಟಿಗೆ ಕೂತು ಮುಗಿಸುವ ಸ್ಕೆಚ್ ಆಗಬೇಕು, ತಿದ್ದಿ ತಿದ್ದಿ ಸತ್ತುಹೋದ ಚಿತ್ರ ಆಗಬಾರದು ಎಂದು ಮನಸ್ಸಿನಲ್ಲೇ ಠರಾಯಿಸಿಕೊಂಡಿದ್ದೆ. ಬೇಸಿಗೆ ರಜೆ ಶುರುವಾದ ಮೇಲೆ ನಾಲ್ಕು ದಿನ ಪ್ರಯತ್ನ ಮಾಡಿದೆ. ನಾಯಿ ಕೂರಲೊಲ್ಲದು. ನಾನು ಬಣ್ಣದ ಪೆಟ್ಟಿಗೆ ತೆಗೆದರೆ ಎದ್ದು ಬಂದು ಮೂಸುತ್ತಿತ್ತು. ತೆಳುಮಾಡಲು ಬಳಸುವ ಅಗಸಿ ಎಣ್ಣೆಯ ವಾಸನೆ ಅದಕ್ಕೆ ಅಗಸಿ ಚಟ್ನಿಯ ವಾಸನೆ ಅನಿಸುತ್ತಿತ್ತೋ ಏನೋ, ಒಮ್ಮೆ ಬ್ರಶ್ಶನ್ನೇ ಕಚ್ಚಿಕೊಂಡು ಹಿತ್ತಲಿಗೆ ಓಡಿತು. ಅತ್ತೆ ಮಗ್ಗದಲ್ಲಿ ಕುಳಿತೇ ನಕ್ಕರು. ನನಗೆ ನಗು ಬರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಲಕ್ಷ್ಮೇಶ್ವರದಿಂದ ಖಬರು ಬಂತು. ಅತ್ತೆಯ ಅಕ್ಕ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಅತ್ತೆ ಮರುದಿನ ಬೆಳಿಗ್ಗೆಯೇ ಹೊರಟರು. ಆದರೆ ಅದೇ ಮಂಗಳವಾರದಿಂದ ನಾಯಿ ಅನ್ನ ಬಿಟ್ಟಿತ್ತು. ಸಂಜೆ ಎರಡು ಸಲ ವಾಂತಿ ಮಾಡಿಕೊಂಡಿತ್ತು. ಬುಧವಾರ ಬೆಳಿಗ್ಗೆ ಎದ್ದು ಬಾಗಿಲತನಕ ಬಂದು ಅತ್ತೆಯನ್ನು ಕಳಿಸಲೂ ಇಲ್ಲ, ಕುಣಿಯ ಅಂಚಿನಲ್ಲೇ ಮಲಗಿತ್ತು.

ಅತ್ತೆ ಚೀಲ ಹಿಡಿದು ಹೊಸ್ತಿಲ ಮೇಲೆ ನಿಂತವರು ಹಿಂದೆ ತಿರುಗಿ ಅದನ್ನು ನೋಡಿದರು.

"ಇದನ್ನ ಇವತ್ತ ದನದ ದವಾಖಾನಿಗೆ ಒಯ್ಯವಾ. ಆಟೋದಾವಗ ಹೇಳೀನಿ, ಹತ್ತಕ್ಕ ಬರ್ತಾನ. ಬಿಸಲು ಏರೋದ್ರಾಗ ಹೋಗಿ ಬಂದುಬಿಡು."

"ಒಯ್ತೀನ್ರಿ ಅತ್ತಿ. ನೀವು ನಿಶ್ಚಿಂತಿಲೆ ಹೋಗ್ರಿ."

"ಬೋಗುಣ್ಯಾಗ ನೀರು ಇರ್ಲಿ."

"ಇರ್ತೈತ್ರಿ."

ಗಂಡ ಆಗಲೇ ಶಿರಹಟ್ಟಿಯ ಬಸ್ಸಿಗೆ ಹೋಗಿದ್ದ. ಮಗಳು ರಜೆಗೆಂದು ಯಳವತ್ತಿಯಲ್ಲಿ ನನ್ನ ತವರುಮನೆಯಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ನಾಯಿ ಇಬ್ಬರೇ. ಬಾಂಡೆ ತಿಕ್ಕಿ, ನೆಲ ಒರೆಸಿ ಪಡಸಾಲೆಗೆ ಬಂದೆ. ನಾಯಿ ಅಲುಗದೆ ಮಲಗಿತ್ತು. ಮುಂಗಾಲು ಚಾಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ತೆರೆದುಕೊಂಡೇ ಇತ್ತು. ನಾನು ದಾಟಿ ಹೋದರೂ ಕಿವಿ ಅಲ್ಲಾಡಿಸಲಿಲ್ಲ. ಆಗ ನನಗೆ ಬಂದ ಮೊದಲ ಯೋಚನೆಯನ್ನು ಇದ್ದಂತೆಯೇ ಬರೆಯುತ್ತೇನೆ. ಇವತ್ತು ಇದು ಏಳುವುದಿಲ್ಲ, ಇವತ್ತು ಬರೆಯಬಹುದು ಎನಿಸಿತು.

ಆಟೋ ಬರುವತನಕ ಒಂದು ಗಂಟೆ ಇದೆ, ಅಷ್ಟರಲ್ಲಿ ಗೆರೆ ಹಾಕಿಕೊಳ್ಳೋಣ ಎಂದು ಕುಳಿತೆ. ಕೈ ಎಂದೂ ಇಲ್ಲದಷ್ಟು ಹಗುರವಾಗಿ ಓಡಿತು. ಬೆನ್ನಿನ ಗೆರೆ, ಪಕ್ಕೆಲುಬು, ಸೀಳಿದ ಬಲಗಿವಿ, ಎಲ್ಲ ಒಂದೇ ಸಲಕ್ಕೆ ಕೂತವು. ಬಣ್ಣ ಹಚ್ಚಲು ಶುರು ಮಾಡಿದ್ದೆ, ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ನಮ್ಮ ಓಣಿಯವನೇ, ಅತ್ತೆಗೆ ಮಗನ ಹಾಗೆ.

"ಅಕ್ಕಾರ, ಹಿಂದಿನ ಸೀಟಿಗೆ ಚೀಲ ಹಾಸೀನ್ರಿ. ನಾಯಿ ಎತ್ತಿಕೊಡ್ರಿ, ಇಲ್ಲಾ ನಾನ ಬಂದು ಎತ್ಲೇನ್ರಿ?"

ನಾನು ಬಾಗಿಲನ್ನು ಅರ್ಧ ತೆರೆದು ನಿಂತೆ. "ಅದು ಈಗರ ಕಣ್ಣು ಮುಚ್ಚೇತಿ. ಹನ್ನೆರಡಕ್ಕ ಬರ್ತೀಯೇನಪಾ?"

"ಒಂದಕ್ಕ ದವಾಖಾನಿ ಬಂದ್ ಆಗ್ತೈತ್ರಿ. ಆಮ್ಯಾಲೆ ಡಾಕ್ಟರು ಹಳ್ಳಿ ಮ್ಯಾಲೆ ಹೋಗ್ತಾರ."

"ಹನ್ನೆರಡಕ್ಕ ಹೋದ್ರ ಸಿಗ್ತಾರಲ್ಲ?"

"ಸಿಗ್ತಾರ್ರಿ," ಎಂದು ಆತ ಹೋದ.

ಹನ್ನೊಂದರ ಹೊತ್ತಿಗೆ ಬೆಳಕಿಂಡಿಯ ಬಿಸಿಲು ನೆಲಕ್ಕಿಳಿದು, ನಿಧಾನವಾಗಿ ಸರಿದು ನಾಯಿಯ ಬೆನ್ನಿನ ಮೇಲೆ ಬಂತು. ಕಂದು ಕೂದಲಿನ ತುದಿಗಳು ತಾಮ್ರದ ತಂತಿಯಂತೆ ಹೊಳೆದವು. ಅಂಥ ಬೆಳಕನ್ನು ನಾನು ಆ ಮನೆಯಲ್ಲಿ ಅದುವರೆಗೆ ನೋಡಿರಲಿಲ್ಲ, ಅಥವಾ ನೋಡುವಷ್ಟು ಹೊತ್ತು ಕುಳಿತಿರಲಿಲ್ಲ. ಒಂದೇ ತೊಡಕು. ಮೂತಿಯ ಮುಂದೆ ಇದ್ದ ಬೋಗುಣಿ ಮುಂಗಾಲಿನ ಗೆರೆಯನ್ನು ಕತ್ತರಿಸುತ್ತಿತ್ತು. ಎದ್ದು ಹೋಗಿ ಅದನ್ನು ಎರಡು ಮೊಳ ಆಚೆ, ಬಿಸಿಲಿನ ಅಂಚಿಗೆ ಸರಿಸಿಟ್ಟೆ. ಅಲ್ಲಿ ಅದರ ನಗ್ಗಿದ ಅಂಚು ಮಿಂಚಿತು. ಚಿತ್ರಕ್ಕೆ ಬೇಕಾಗಿದ್ದದ್ದು ಅದೇ ಎನಿಸಿತು.

ನಾಯಿಯ ಕಣ್ಣುಗಳು ಬೋಗುಣಿಯ ಹಿಂದೆ ಹೋದವು. ತಲೆಯನ್ನು ಎತ್ತಲು ನೋಡಿತು, ಆಗಲಿಲ್ಲ. ನಾಲಿಗೆಯನ್ನು ಒಮ್ಮೆ ಹೊರಗೆ ಹಾಕಿ ಒಳಗೆ ತೆಗೆದುಕೊಂಡಿತು. ಮತ್ತೆ ಹಾಗೇ ಬೋಗುಣಿಯನ್ನು ನೋಡುತ್ತ ಮಲಗಿತು. ನಾನು ಆ ಕಣ್ಣುಗಳನ್ನು ಬರೆದೆ. ಇನ್ನೊಂದು ಸ್ವಲ್ಪ, ಇದೊಂದು ಕಣ್ಣು ಮುಗಿದರೆ ನೀರು ಕೊಡುತ್ತೇನೆ ಎಂದು ಬಾಯಿಬಿಟ್ಟೇ ಅಂದೆ. ಒಂದು ಕಣ್ಣು ಮುಗಿದ ಮೇಲೆ ಇನ್ನೊಂದು ಇತ್ತು.

ಹನ್ನೆರಡಕ್ಕೆ ಆಟೋದವನು ಮತ್ತೆ ಬಂದ. ಈ ಸಲ ನಾನು ಬ್ರಶ್ಶನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಬಾಗಿಲಿಗೆ ಹೋದೆ. "ಈಗ ಅರಾಮ ಐತಿ. ಸಂಜಿಕೆ ನೋಡೋಣಂತ," ಎಂದೆ. ಆತ ನನ್ನ ಇನ್ನೊಂದು ಕೈಯನ್ನು ನೋಡಿದ. ಅದರ ಬೆರಳುಗಳಿಗೆ ಕಂದು ಬಣ್ಣ ಮೆತ್ತಿತ್ತು. ಆಟೋ ತಿರುಗಿಸಿದ.

ಚಿತ್ರ ಮುಗಿದಾಗ ಎರಡಕ್ಕೆ ಹದಿನೈದು ನಿಮಿಷ ಇತ್ತು. ದೂರ ನಿಂತು ನೋಡಿದೆ. ನನ್ನ ಕೈಯಿಂದ ಅಂಥದ್ದು ಹಿಂದೆ ಬಂದಿರಲಿಲ್ಲ, ಮುಂದೆಯೂ ಬಂದಿಲ್ಲ. ಆಮೇಲೆ ಬೋಗುಣಿಯನ್ನು ತಂದು ನಾಯಿಯ ಮೂತಿಯ ಬಳಿ ಇಟ್ಟೆ. ಅದು ಕುಡಿಯಲಿಲ್ಲ. ಚಮಚದಲ್ಲಿ ಬಾಯಿಗೆ ಹಾಕಿದೆ, ನೀರು ಕಟವಾಯಿಯಿಂದ ನೆಲಕ್ಕೆ ಇಳಿಯಿತು. ಆಗ ನನಗೆ ಹೆದರಿಕೆಯಾಯಿತು. ಆಟೋದವನಿಗೆ ಫೋನ್ ಮಾಡಿದರೆ ಆತ ಸ್ಟೇಷನ್ನಿನಿಂದ ಜನ ಹತ್ತಿಸಿಕೊಂಡು ಎಲ್ಲಿಗೋ ಹೋಗಿದ್ದ. ಹೋದರೂ ದವಾಖಾನೆಯ ಬಾಗಿಲು ಹಾಕಿರುತ್ತಿತ್ತು.

ಮೂರು ಗಂಟೆಗೆ ಅತ್ತೆಯ ಫೋನ್ ಬಂತು. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಒಯ್ದಿದ್ದೇನವಾ?"

"ಹೂಂರಿ. ಒಯ್ದಿದ್ನಿ. ಇಂಜೆಕ್ಷನ್ ಮಾಡ್ಯಾರ."

"ಏನಂದ್ರು?"

"ವಯಸ್ಸಾಗೇತಿ ಅಂದ್ರು. ನಾಳೆ ಮತ್ತ ಕರ್ಕೊಂಡು ಬರ್ರಿ ಅಂದಾರ."

ಇಷ್ಟನ್ನೂ ನಾನು ತಡವರಿಸದೆ ಹೇಳಿದೆ. ಫೋನ್ ಇಟ್ಟ ಮೇಲೆ ನನ್ನ ನಾಲಿಗೆ ಇಷ್ಟು ಸರಾಗವಾಗಿ ಸುಳ್ಳು ಹೇಳುತ್ತದೆ ಎಂದು ನನಗೇ ಆಶ್ಚರ್ಯವಾಯಿತು. ಸಂಜೆ ಮನೆಗೆ ಬಂದ ಗಂಡನಿಗೂ ಅದನ್ನೇ ಹೇಳಿದೆ. ಚಿತ್ರವನ್ನು ನಮ್ಮ ಕೋಣೆಯ ಟ್ರೆಜರಿ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡದ ಹಾಗೆ, ಹಸಿ ಬಣ್ಣ ತಾಗದ ಹಾಗೆ ಜೋಪಾನವಾಗಿ ನಿಲ್ಲಿಸಿದ್ದೆ. ಚಿತ್ರದ ಜೋಪಾನಕ್ಕೆ ನಾನು ಯಾವುದನ್ನೂ ಮರೆತಿರಲಿಲ್ಲ.

ಗುರುವಾರ ಬೆಳಿಗ್ಗೆ ಗಂಡ ರಜೆ ಹಾಕಿ ನಾಯಿಯನ್ನು ಹಳೆಯ ದುಪ್ಪಟಿಯಲ್ಲಿ ಎತ್ತಿಕೊಂಡ. ಬೇರೆ ಆಟೋದಲ್ಲಿ ಹೋದೆವು. ಡಾಕ್ಟರು ವಯಸ್ಸಾದವರು. ನಾಯಿಯ ಕತ್ತಿನ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರು. ಅದು ಎತ್ತಿದಂತೆಯೇ ನಿಂತಿತು.

"ಮೈಯಾಗ ನೀರ ಇಲ್ಲಲ್ರಿ," ಎಂದರು. "ನಿನ್ನಿ ತಂದಿದ್ರ ಸಲಾಯಿನ್ ಹಚ್ಚಿ ನೋಡಬಹುದಿತ್ತು. ಇಂಥಾ ಬಿಸಲಾಗ ಒಂದು ದಿನ ಅಂದ್ರ ಭಾಳ ಆತ್ರಿ."

ಗಂಡ ಹೇಳಿದ: "ನಿನ್ನಿ ತಂದಿದ್ಲಲ್ರಿ. ಇಂಜೆಕ್ಷನ್ ಮಾಡಿದ್ರಂತಲ್ಲ."

ಡಾಕ್ಟರು ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಿನ್ನಿ ನಾನ ಇದ್ನಿ. ಇಲ್ಲಿಗೆ ಬಂದಿಲ್ಲ," ಎಂದು ಸೂಜಿ ಹುಡುಕಲು ತಿರುಗಿದರು.

ಸಲಾಯಿನ್ ಹಚ್ಚಿದರು. ಅರ್ಧ ಬಾಟಲಿ ಇಳಿಯುವುದರೊಳಗೆ ನಾಯಿಯ ಉಸಿರು ನಿಂತಿತು. ಅದನ್ನು ವಾಪಸು ತಂದು ಗಂಡ ಹಿತ್ತಲಿನಲ್ಲಿ ಕುಣಿ ತೋಡಿ, ಮಣ್ಣು ಮುಚ್ಚಿ, ಕೈಕಾಲು ತೊಳೆದುಕೊಂಡು ಬಂದು ಕೇಳಿದ. ಎಲ್ಲ ಹೇಳಿದೆ, ಬೋಗುಣಿಯದೊಂದನ್ನು ಬಿಟ್ಟು. ಅವನು ಬಯ್ಯಲಿಲ್ಲ. "ಅವ್ವಗ ನಾ ಏನೂ ಹೇಳಂಗಿಲ್ಲ. ಹೇಳೋದಿದ್ರ ನೀನ ಹೇಳಬೇಕು," ಎಂದಷ್ಟೇ ಅಂದ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆನೇನೋ.

ಅತ್ತೆ ಶನಿವಾರ ಬಂದರು. ಸಾವಿನ ಸುದ್ದಿ ಫೋನಿನಲ್ಲೇ ಮುಟ್ಟಿತ್ತು. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು ಕಟ್ಟೆಯ ಮೇಲೆ ಕುಳಿತರು. ಆಮೇಲೆ ಮೂಗು ಅರಳಿಸಿ, "ಅಗಸಿ ಎಣ್ಣಿ ವಾಸನಿ ಬರಾಕತ್ತೈತಲ್ಲ," ಎಂದರು. ನಾನು ಚಿತ್ರ ತಂದು ತೋರಿಸದೆ ವಿಧಿ ಇರಲಿಲ್ಲ.

ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಖರೆನ ಮಕ್ಕೊಂಡಂಗ ಐತಿ. ಇದರದೊಂದು ಫೋಟೋ ಸೈತ ಇರಲಿಲ್ಲ ನೋಡು. ನೀ ಒಂದು ಚಲೋ ಕೆಲಸ ಮಾಡಿದಿ ತಂಗಿ." ನನ್ನ ಗದ್ದ ಮುಟ್ಟಿ ಬೆರಳನ್ನು ತಮ್ಮ ತುಟಿಗೆ ಒತ್ತಿಕೊಂಡರು. "ಯಾವಾಗ ಬರದಿ?"

"ಹಿಂದಿನ ವಾರ, ನೀವು ಸಂತಿಗೆ ಹೋದಾಗ ಬರದಿದ್ನಿರಿ. ಅರಾಮ ಇದ್ದಾಗ."

ಅಡಿಗೆಮನೆಯ ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ ಗಂಡ ಒಳಗೆ ಹೋದ.

ಪ್ರದರ್ಶನಕ್ಕೆ ನಾನು ಬೇರೆ ಚಿತ್ರ ಕಳಿಸಬಹುದಿತ್ತು. ಮನೆಯಲ್ಲಿ ಎರಡು ನಿಸರ್ಗದ ಚಿತ್ರಗಳಿದ್ದವು. ಅವು ಬೇಡ ಎಂದವಳು ನಾನೇ. ನಾಯಿಯ ಚಿತ್ರದ ಮುಂದೆ ಜನ ನಿಂತರು. ನಾನು ಕಾಲೇಜಿನಲ್ಲಿ ಹೆದರುತ್ತಿದ್ದ ಹಿರಿಯ ಕಲಾವಿದರೊಬ್ಬರು ಅದರ ಎದುರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಈ ಕಣ್ಣು ಒಡತಿಯ ದಾರಿ ಕಾಯುವ ಕಣ್ಣು. ಇದನ್ನು ಪ್ರೀತಿ ಇಲ್ಲದವರು ಬರೆಯಲಾರರು," ಎಂದು ಭಾಷಣದಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿದರು. ಅತ್ತೆ ತಾವೇ ನೇಯ್ದ ಸೀರೆ ಉಟ್ಟು ಬಂದಿದ್ದರು. ಚಿತ್ರದ ಪಕ್ಕದಲ್ಲಿ ನಿಂತು, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು: "ನಾ ಊರಾಗ ಇರಲಿಲ್ರಿ. ಕಡೀ ಎರಡು ದಿನ ನಮ್ಮ ಸೊಸಿನ ಅದರ ಮುಂದ ಕುಂತಿದ್ಲು."

ಕುಂತಿದ್ದು ಖರೆ. ನಾನು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತ ನಿಂತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು. ಮರುವಾರ ಶಾಲೆಯಲ್ಲಿ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಎದುರು ನನ್ನನ್ನು ನಿಲ್ಲಿಸಿ, ಪ್ರಾಣಿದಯೆಯ ಬಗ್ಗೆ ನಾಲ್ಕು ಮಾತು ಹೇಳಲು ಕೇಳಿದರು. ಹೇಳಿದೆ. ಏನು ಹೇಳಿದೆನೋ ಈಗ ನೆನಪಿಲ್ಲ, ಮುಂಡರಗಿಯಿಂದ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತದ್ದು ನೆನಪಿದೆ.

ಚಿತ್ರ ಪಡಸಾಲೆಯ ಗೋಡೆಗೆ ಬಂತು. ಮಗ್ಗದಲ್ಲಿ ಕುಳಿತ ಅತ್ತೆಗೆ ನೇರ ಕಾಣುವ ಜಾಗ. ಮನೆಗೆ ಬಂದವರಿಗೆ ಅವರು ಅದನ್ನು ತೋರಿಸುತ್ತಿದ್ದರು, ಅದೇ ಮಾತು ಹೇಳುತ್ತಿದ್ದರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಈ ಹೊತ್ತು ಹೇಳಿಬಿಡೋಣ ಎಂದು ಎಷ್ಟೋ ಸಲ ಅವರ ಎದುರು ಹೋಗಿ ಕುಳಿತಿದ್ದೇನೆ. ಅವರು ತಲೆ ಎತ್ತಿ "ಏನವಾ?" ಎನ್ನುತ್ತಿದ್ದರು. "ಪಲ್ಯಾ ಏನ ಮಾಡ್ಲಿ ಅಂತ್ರಿ," ಎಂದು ಎದ್ದು ಬರುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಲಕ್ಷ್ಮೇಶ್ವರದ ದೊಡ್ಡತ್ತೆ ನಮ್ಮಲ್ಲಿಗೆ ಬಂದರು. ಸೊಂಟ ಕೂಡಿತ್ತು, ನಾಲ್ಕು ಕಾಲಿನ ಕೋಲು ಹಿಡಿದು ನಡೆಯುತ್ತಿದ್ದರು. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅವರು ಚಿತ್ರವನ್ನು ನೋಡಿ ನೋಡಿ, ಯಾವ ವಕ್ರವೂ ಇಲ್ಲದೆ ಕೇಳಿದರು:

"ಬೋಗುಣಿ ಯಾಕ ಅಷ್ಟು ದೂರ ಇಟ್ಟೀರಿ? ಪಾಪ, ಅದು ನೀರ ನೋಡಾಕತ್ತೈತಿ."

ಐದು ತಿಂಗಳಲ್ಲಿ ಎಷ್ಟೊಂದು ಓದಿದವರು, ಚಿತ್ರ ಬರೆಯುವವರು ಅದನ್ನು ನೋಡಿದ್ದರು. ಒಬ್ಬರಿಗೂ ಕಾಣದ್ದು ಅವರಿಗೆ ಕಂಡಿತು. ನಾನು ಅವಲಕ್ಕಿಯ ತಾಟನ್ನು ಅವರ ಮುಂದೆ ಇಟ್ಟೆ. ನಾನು ಬಾಯಿ ತೆರೆಯುವುದರೊಳಗೆ ಮಗ್ಗದಿಂದ ಅತ್ತೆಯ ದನಿ ಬಂತು.

"ಚಿತ್ರಕ್ಕ ಹಂಗ ಇಡಬೇಕಾಗ್ತೈತಿ ಅಕ್ಕ. ಅದು ನಮಗ ತಿಳಿಯಂಗಿಲ್ಲ. ಅವಲಕ್ಕಿ ತಿನ್ನು, ಆರ್ತೈತಿ."

ಆ ದನಿಯಲ್ಲಿ ಏನೋ ಇತ್ತು. ನನ್ನ ಕಡೆ ಅವರು ನೋಡಲಿಲ್ಲ, ಲಾಳಿಯನ್ನೇ ನೋಡುತ್ತಿದ್ದರು. ಇವರಿಗೆ ಗೊತ್ತಿದೆ ಎಂದು ಆಗ ನನಗೆ ಖಾತ್ರಿಯಾಯಿತು.

ಮಧ್ಯಾಹ್ನ ದೊಡ್ಡತ್ತೆ ಊಟ ಮಾಡಿ ಒಳಗೆ ಅಡ್ಡಾಗಿದ್ದರು. ನಾನು ಮಗ್ಗದ ಕುಣಿಯ ಅಂಚಿಗೆ, ನಾಯಿ ಮಲಗುತ್ತಿದ್ದ ಜಾಗದಲ್ಲೇ, ನೆಲದ ಮೇಲೆ ಕುಳಿತೆ.

"ಅತ್ತಿ, ನಾ ಅವತ್ತ ದವಾಖಾನಿಗೆ ಒಯ್ದಿರಲಿಲ್ರಿ."

"ಗೊತ್ತೈತಿ." ಕೈ ನಿಲ್ಲಿಸದೆ ಹೇಳಿದರು. "ಬಂದ ದಿನಾನ ಆಟೋದಾವ ಹೇಳಿದ. ಎರಡು ಸಲ ಬಂದು ಹ್ವಾದ್ನಿ, ಅಕ್ಕಾರ ಕೈಗೆ ಬಣ್ಣ ಇತ್ತು ಅಂದ."

"ಮತ್ತ ಯಾಕ ಕೇಳಲಿಲ್ರಿ?"

"ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ಕಾದ್ನಿ. ನೀ ಬಂದು ಪಲ್ಯಾ ಏನ ಮಾಡ್ಲಿ ಅಂತಿದ್ದಿ."

"ಎಲ್ಲಾರ ಮುಂದ ನನ್ನ ಹೊಗಳ್ತಿದ್ರಲ್ರಿ."

"ಮಂದಿ ಮುಂದ ಮತ್ತೇನ ಹೇಳ್ಲಿ ನಾನು? ನನ್ನ ಸೊಸಿ ನನ್ನ ನಾಯಿನ ಹಿಂಗ ಮಾಡಿದ್ಲು ಅಂತ ಹೇಳ್ಲೇನು?" ಈಗ ಅವರ ಲಾಳಿ ನಿಂತಿತು. ಚಿತ್ರದ ಕಡೆ ನೋಡಿ ಕೇಳಿದರು. "ಒಂದು ಹೇಳು. ಅಕ್ಕ ಅಂದಿದ್ದು ಖರೆ ಏನು? ಅದು ನೀರ ಕೇಳಿತ್ತೇನು?"

"ಹೂಂರಿ."

"ಕೊಟ್ಟಿದ್ದಿಯೇನು?"

"ಆಮ್ಯಾಲೆ ಕೊಟ್ನಿರಿ. ಆವಾಗ ಕುಡೀಲಿಲ್ಲ."

"ಬೋಗುಣಿ ನೀನ ಸರಿಸಿದ್ದಿ?"

"ಹೂಂರಿ. ನಾನ."

ಇದು ಅವರಿಗೆ ಗೊತ್ತಿರಲಿಲ್ಲ. ಮುಖದಲ್ಲೇ ಕಾಣುತ್ತಿತ್ತು. ದವಾಖಾನೆಗೆ ಒಯ್ಯದೆ ಇದ್ದುದನ್ನು ಅವರು ಬಣ್ಣದ ಹುಚ್ಚು ಎಂದೋ, ಮರೆವು ಎಂದೋ ಒಳಗೇ ತಿಂದು ಅರಗಿಸಿಕೊಂಡಿದ್ದರು. ಇದನ್ನು ಹಾಗೆ ಅರಗಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಕುಣಿಯಿಂದ ಕಾಲು ಮೇಲೆ ತೆಗೆದು, ನನ್ನನ್ನು ದಾಟಿಕೊಂಡು ಹಿತ್ತಲಿಗೆ ಹೋದರು. ಅಂದು ಮತ್ತೆ ಮಗ್ಗಕ್ಕೆ ಬರಲಿಲ್ಲ. ಮುಂದಿನ ಎಂಟು ಹತ್ತು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು: ಉಪ್ಪು ತೀರಿದೆ, ಹಾಲಿನವ ಬಂದಿದ್ದ, ಇಷ್ಟೇ. ಎಂದಿನಂತೆ ನನಗೆ ಬಸ್ಸಿಗೆ ಬುತ್ತಿ ಕಟ್ಟಿ ಇಡುತ್ತಿದ್ದರು. ಮುಂಡರಗಿಯ ಸ್ಟಾಫ್ ರೂಮಿನಲ್ಲಿ ಆ ಬುತ್ತಿ ಬಿಚ್ಚಿ ಕುಳಿತು, ಒಂದು ರೊಟ್ಟಿ ತಿಂದು ಉಳಿದದ್ದನ್ನು ಮತ್ತೆ ಕಟ್ಟಿ ಇಡುತ್ತಿದ್ದೆ.

ಒಂದು ಭಾನುವಾರ ನಾನು ಸ್ಟೂಲ್ ಹಾಕಿಕೊಂಡು ಚಿತ್ರವನ್ನು ಗೋಡೆಯಿಂದ ತೆಗೆಯಲು ಹೋದೆ. ಅತ್ತೆ ತಡೆದರು.

"ಅಲ್ಲೇ ಇರ್ಲಿ. ಅದರದ ಅಂತ ನನ್ನ ಹಂತ್ಯಾಕ ಇರೋದು ಅದೊಂದ."

"ನನಗ ನೋಡಾಕ ಆಗವಲ್ದ್ರಿ."

"ನನಗೂ ಆಗವಲ್ದು," ಎಂದರು. ಆಮೇಲೆ, "ಆ ಬೋಗುಣಿ ಅದರ ಬಾಯಿ ಹತ್ತಿರ ಬರಿ," ಎಂದರು.

ನಾನು ಹೂಂ ಎಂದೆ. ಹೂಂ ಎನ್ನುವ ಮುನ್ನ, ಒಂದು ಕ್ಷಣ, ಹಾಗೆ ಮಾಡಿದರೆ ಚಿತ್ರ ಕೆಡುತ್ತದಲ್ಲ ಎಂಬ ಯೋಚನೆ ಬಂತು. ಇಷ್ಟೆಲ್ಲ ಆದ ಮೇಲೂ ಬಂತು. ನನ್ನ ಬಗ್ಗೆ ನನಗೆ ಅತಿ ಹೆಚ್ಚು ಹೇಸಿಗೆ ಎನಿಸಿದ್ದು ನಾಯಿ ಸತ್ತ ದಿನವಲ್ಲ, ಆ ಭಾನುವಾರ, ಸ್ಟೂಲಿನ ಮೇಲೆ ನಿಂತಾಗ.

ಬಣ್ಣ ತೆಗೆದು ಬಿಸಿಲಿನ ಅಂಚಿನ ಬೋಗುಣಿಯನ್ನು ನೆಲದ ಬಣ್ಣದಿಂದ ಮುಚ್ಚಿದೆ. ಮೂತಿಯ ಮುಂದೆ ಹೊಸದನ್ನು ಬರೆದೆ. ಮುಂಗಾಲಿನ ಗೆರೆ ಕತ್ತರಿಸಿಹೋಯಿತು. ಹೊಸ ಬಣ್ಣ ಹಳೆಯದರ ಜೊತೆ ಕೂಡಲಿಲ್ಲ, ಬೋಗುಣಿ ನೆಲದ ಮೇಲೆ ಕೂತಂತೆ ಕಾಣದೆ ಅಂಟಿಸಿದಂತೆ ಕಾಣುತ್ತದೆ. ಕಣ್ಣುಗಳನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ, ಅತ್ತೆಯೂ ಹೇಳಲಿಲ್ಲ. ಈಗ ಅವು ಏನೂ ಇಲ್ಲದ ನೆಲವನ್ನು ನೋಡುತ್ತವೆ. ಪ್ರದರ್ಶನದಲ್ಲಿ ಚಿತ್ರವನ್ನು ಮೆಚ್ಚಿದ್ದ ನಮ್ಮ ಶಾಲೆಯ ಮೇಡಂ ಒಬ್ಬರು ಮೊನ್ನೆ ಮನೆಗೆ ಬಂದಾಗ, "ಇದೇ ಚಿತ್ರಾನ ಅದು? ಅವತ್ತು ಬೇರೆ ಥರಾ ಇತ್ತಲ್ಲ," ಎಂದರು. ಅತ್ತೆ ಬಂದವರಿಗೆ ಚಿತ್ರ ತೋರಿಸುವುದನ್ನು ಬಿಟ್ಟಿದ್ದಾರೆ. ಆದರೆ ಮಗ್ಗದಲ್ಲಿ ಕುಳಿತಾಗ ಅದರ ಕಡೆ ನೋಡುತ್ತಾರೆ.

ನಮ್ಮ ನಡುವೆ ಮಾತು ಮತ್ತೆ ಶುರುವಾಗಿ ಬಹಳ ದಿನವಾಯಿತು. ಮೊದಲಿನಂತೆಯೇ ಇದ್ದೇವೆ ಎಂದು ಹೊರಗಿನವರು ಅಂದಾರು. ನನಗೆ ಜ್ವರ ಬಂದಾಗ ಅವರೇ ಗಂಜಿ ಮಾಡಿ ಕೊಟ್ಟರು, ನನ್ನ ಹಣೆಗೆ ತಣ್ಣೀರ ಪಟ್ಟಿ ಹಾಕಿದರು. ನಾನು ಆಮೇಲೆ ಯಾವ ಪ್ರಾಣಿಯನ್ನೂ ಬರೆದಿಲ್ಲ. ವ್ರತವೇನಲ್ಲ, ಕೂತರೆ ಕೈ ಏಳುವುದಿಲ್ಲ.

ಈ ವರ್ಷ ಯುಗಾದಿಯ ಹೊತ್ತಿಗೆ ಅತ್ತೆ ಇನ್ನೊಂದು ಮರಿ ತಂದರು. ಕರಿ ಮೈ, ಎದೆಯ ಮೇಲೆ ಅಂಗೈಯಗಲ ಬಿಳಿ. ಹೋದ ವಾರ ಅವರು ಅಕ್ಕನನ್ನು ನೋಡಲು ಲಕ್ಷ್ಮೇಶ್ವರಕ್ಕೆ ಹೊರಟರು. ನಾನು ಮರಿಗೆ ಹಾಲು ಕಾಯಿಸಿ ತಂದಾಗ ಅವರು ಅದನ್ನು ಸೆರಗಿನಲ್ಲಿ ಎತ್ತಿಕೊಂಡು ನಿಂತಿದ್ದರು.

"ಇದನ್ನ ಬಾಜೂ ಮನಿಯಾಗ ಬಿಟ್ಟು ಹೋಗ್ತೀನವಾ. ಎರಡ ದಿನದ ಮಾತು."

"ನಾ ಮನ್ಯಾಗ ಇರ್ತೀನಲ್ರಿ. ಸಾಲಿ ಸೂಟಿ ಐತಿ."

"ನಿನಗ ಪೇಪರ್ ತಿದ್ದೋ ಕೆಲಸ ಇರ್ತೈತಿ," ಎಂದರು. ಮೆತ್ತಗೇ ಹೇಳಿದರು, ನನ್ನ ತೋಳು ಮುಟ್ಟಿಯೇ ಹೇಳಿದರು. ಪೇಪರ್ ತಿದ್ದುವ ಕೆಲಸ ನನಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಆತ್ರಿ," ಎಂದೆ.

ಅವರು ಹೋದ ಮೇಲೆ ಹಾಲಿನ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, ಮರಿಗೆ ಇದನ್ನು ಹಾಕಿರಿ ಎಂದು ಕೊಟ್ಟು ಬಂದೆ. ಒಳಗೆ ಕರೆದರು. ನಾನು ಹೋಗಲಿಲ್ಲ.